ಎರಡು ಮಸೀದಿ, ಎರಡು ಹೊತ್ತಿನ ಬಾಂಗ್

"ನಮ್ಮೂರಲ್ಲಿ ಎರಡು ಮಸೀದಿ. ಮಧ್ಯಾಹ್ನ ಕಳೆದ ಮೇಲಿನ ಬಾಂಗ್ ಒಂದರಲ್ಲಿ ಆಗಿ ಸುಮಾರು ಒಂದು ಗಂಟೆಯ ಮೇಲೆ ಇನ್ನೊಂದರಲ್ಲಿ ಆಗುತ್ತದೆ. ದೇವರೂ ಒಬ್ಬ, ಗ್ರಂಥವೂ ಒಂದು. ಮತ್ತೆ ಹೊತ್ತು ಮಾತ್ರ ಯಾಕೆ ಎರಡು? ಯಾರದ್ದು ಸರಿ?"
– ಓದುಗರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ: ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ಕೋಲು ನೆಡಿ. ನಡುಮಧ್ಯಾಹ್ನ ಅದರ ನೆರಳು ಎಲ್ಲಿಯವರೆಗಿದೆ ಅಂತ ಗುರುತು ಹಾಕಿ. ಅಲ್ಲಿಂದ ನೆರಳು ಒಂದು ಕೋಲಿನಷ್ಟು ಬೆಳೆದರೆ ಅಸರ್, ಅಂದರೆ ನೀವು ಕೇಳಿದ ಬಾಂಗಿನ ನಮಾಜಿನ ಹೊತ್ತಾಯಿತು ಅನ್ನುವವರು ಸುನ್ನಿಗಳಲ್ಲಿ ಶಾಫಿ ಪಂಥದವರು. ಎರಡು ಕೋಲಿನಷ್ಟು ಬೆಳೆಯಲಿ ಅನ್ನುವವರು ಹನಫಿ ಪಂಥದವರು. ನಿಮ್ಮ ಒಂದು ಗಂಟೆ ಇರುವುದು ಇಲ್ಲೇ. (ಮಲೆನಾಡಿನ ಮಳೆಗಾಲದಲ್ಲಿ ನೆರಳೆಲ್ಲಿಂದ ಬರಬೇಕು ಅಂತೀರಾ? ಆಗ ಮಸೀದಿ ಗೋಡೆಯ ವೇಳಾಪಟ್ಟಿಯೇ ಗತಿ.)

ಕರಾವಳಿಗೆ ಇಸ್ಲಾಂ ಬಂದದ್ದು ಅರಬ್ ವ್ಯಾಪಾರಿಗಳ ಹಡಗಿನಲ್ಲಿ. ಅಲ್ಲಿನ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ವ್ಯಾಪಾರಕ್ಕೆ ಘಟ್ಟ ಹತ್ತಿದ ಬ್ಯಾರಿಗಳು ತಮ್ಮ ಪದ್ಧತಿಯನ್ನೂ ಜೊತೆಗೆ ತಂದರು. ಬಯಲುಸೀಮೆಯ ಉರ್ದು ಮಾತಿನವರು ಹೆಚ್ಚಾಗಿ ಹನಫಿಗಳು. ಹಾಗಾಗಿ ಘಟ್ಟದ ಮೇಲೆ ಇಬ್ಬರೂ ಸಿಗುತ್ತಾರೆ.

ಈ ಎರಡು ಪಂಥಗಳ ಹೆಸರು ಬಂದದ್ದು ಇಬ್ಬರು ವಿದ್ವಾಂಸರಿಂದ. ಅಬೂ ಹನೀಫಾ ತೀರಿಕೊಂಡದ್ದು 767ರಲ್ಲಿ. ಇಮಾಮ್ ಶಾಫಿ ಹುಟ್ಟಿದ್ದೂ ಅದೇ ವರ್ಷ. ಮಾಲಿಕಿ, ಹಂಬಲಿ ಸೇರಿದರೆ ಸುನ್ನಿಗಳಲ್ಲಿ ಇಂಥ ನಾಲ್ಕು ಪಂಥ. ಕುರಾನ್, ಐದು ಹೊತ್ತಿನ ನಮಾಜ್, ರಂಜಾನ್ ಉಪವಾಸ ಎಲ್ಲರಿಗೂ ಒಂದೇ. ವ್ಯತ್ಯಾಸ ವಿವರದಲ್ಲಿ. ನಮಾಜಿಗೆ ನಿಂತಾಗ ಹನಫಿ ಗಂಡಸರು ಹೊಕ್ಕುಳ ಕೆಳಗೆ ಕೈ ಕಟ್ಟಿದರೆ ಶಾಫಿಗಳು ಹೊಕ್ಕುಳ ಮೇಲೆ ಕಟ್ಟುತ್ತಾರೆ. ಸೀಗಡಿ ಮೀನೋ ಅಲ್ಲವೋ, ತಿನ್ನಬಹುದೋ ಬಾರದೋ ಅಂತ ಹನಫಿ ವಿದ್ವಾಂಸರಲ್ಲೇ ಚರ್ಚೆ ಮುಗಿದಿಲ್ಲ. ಕಡಲ ತಡಿಯ ಶಾಫಿಗಳಿಗೆ ಆ ತಲೆಬಿಸಿಯೇ ಇಲ್ಲ! ಯಾರದ್ದು ಸರಿ ಅಂತ ಕೇಳಿದಿರಿ. ನಾಲ್ಕೂ ಸರಿಯಾದ ದಾರಿಗಳೇ ಅನ್ನುವುದು ಸುನ್ನಿಗಳ ಸಾಂಪ್ರದಾಯಿಕ ನಿಲುವು.

ಷಿಯಾಗಳದ್ದು ಬೇರೆಯೇ ಕಥೆ. 632ರಲ್ಲಿ ಪ್ರವಾದಿ ತೀರಿಕೊಂಡ ಮೇಲೆ ಮುಂದಾಳು ಯಾರಾಗಬೇಕಿತ್ತು ಅನ್ನುವುದೇ ಅಲ್ಲಿಯ ಮೂಲ ಪ್ರಶ್ನೆ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರು ಹತರಾದರು. ನಮ್ಮ ಹಳ್ಳಿಗಳ ಮೊಹರಂ ಆ ನೆನಪಿನದ್ದೇ. ಎಷ್ಟೋ ಕಡೆ ಅದನ್ನು ಮಾಡುವವರಲ್ಲಿ ಷಿಯಾಗಳು ಒಬ್ಬರೂ ಇರುವುದಿಲ್ಲ, ಹಿಂದೂಗಳು ಇರುತ್ತಾರೆ.

ನನ್ನ ಕೇಳಿದರೆ, ಬಾಂಗಿನ ಹೊತ್ತಿಗಿಂತ ಜಾಸ್ತಿ ವಾದ ಇರುವುದು ದರ್ಗಾದ ವಿಷಯದಲ್ಲಿ. ನಿಮ್ಮ ತಾಲ್ಲೂಕಿನ ಹಣಗೆರೆಕಟ್ಟೆಯನ್ನೇ ನೋಡಿ. ದರ್ಗಾ, ಭೂತರಾಯ, ಚೌಡೇಶ್ವರಿ ಎಲ್ಲ ಒಂದೇ ಕಡೆ. ಹರಕೆ ಹೊತ್ತು ಎರಡೂ ಧರ್ಮದವರು ಬರುತ್ತಾರೆ. ಆದರೆ ಗೋರಿಯ ಮುಂದೆ ಬೇಡಿಕೊಳ್ಳುವುದೇ ತಪ್ಪು ಅನ್ನುವ ಮುಸ್ಲಿಮರೂ ಇದ್ದಾರೆ. ಅಲ್ಲಿಗೆ ಹೋಗುವವರೂ ಹನಫಿಗಳೇ ಇರಬಹುದು, ಬೇಡ ಅನ್ನುವವರೂ ಹನಫಿಗಳೇ ಇರಬಹುದು. ಒಂದೇ ಮನೆಯ ಅಣ್ಣ ತಮ್ಮಂದಿರೂ ಇರಬಹುದು.