ಮದುವೆಗೆ ಮೂರು ವಾರ ಇರುವಾಗ ಹುಡುಗಿಗೆ ಮೊದಲೇ ಒಂದು ಮದುವೆ ಆಗಿತ್ತು ಅಂತ ಗೊತ್ತಾಗಿದೆ. ಏನು ಮಾಡಲಿ?

ಲಗ್ನಪತ್ರಿಕೆ ಹಂಚಿ ಆಗಿದೆ, ಗೊತ್ತಿಲ್ಲದ ನಂಬರಿನಿಂದ ಹುಡುಗಿಯ ಹಳೇ ಮದುವೆ ಫೋಟೋ ವಾಟ್ಸಾಪ್‌ಗೆ ಬಂದಿದೆ ಅಂತ ಬರೆದಿದ್ದೀರಿ. ಅಮ್ಮ ಸಂಬಂಧ ಬಿಡು ಅಂತಾರೆ, ಮಾವ ಸುಮ್ನೆ ತಾಳಿ ಕಟ್ಟು ಅಂತಾರೆ. ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೊದಲು ಹಳೇ ಮದುವೆಗೆ ಕೋರ್ಟಿನ ಡಿಕ್ರಿ, ಅಂದರೆ ಡೈವೋರ್ಸ್ ಕೊಟ್ಟ ಆದೇಶ, ಇದೆಯಾ ಕೇಳಿ.

ನಾವು ದಾವಣಗೆರೆಯವರು. ನನ್ನ ತಮ್ಮನಿಗೆ ಹೊಳಲ್ಕೆರೆ ಕಡೆಯ ಹುಡುಗಿ ನಿಶ್ಚಯ ಆಗಿತ್ತು. ಜವಳಿ ತೆಗೆದು, ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮೇಲೆ ನಮಗೂ ಇಂಥದ್ದೇ ಫೋಟೋ ಬಂತು. ಕಳಿಸಿದ್ದು ಅವರದೇ ದಾಯಾದಿಗಳು, ಜಮೀನಿನ ಜಗಳದ ಸಿಟ್ಟಿಗೆ. ಇಂಥ ಫೋಟೋ ಕಳಿಸೋರು ನಮ್ಮ ಒಳ್ಳೇದಕ್ಕೆ ಕಳಿಸಿರೋದಿಲ್ಲ. ಹಾಗಂತ ವಿಷಯ ಸುಳ್ಳು ಅಂತಲೂ ಅಲ್ಲವಲ್ಲ.

ಹುಡುಗಿಯ ಅಪ್ಪನನ್ನು ಕೇಳಿದೆವು. "ಅದು ಮುಗಿದ ಕಥೆ ತಾಯಿ, ಹಿರಿಯರೆಲ್ಲ ಕೂತು ಬಿಡುಗಡೆ ಮಾಡಿಸಿದ್ದಾರೆ" ಅಂತ ಒಂದು ಛಾಪಾ ಕಾಗದ ತಂದು ಕೊಟ್ಟರು. ಗಂಡು ಹೆಣ್ಣಿನ ಸಹಿ, ಸಾಕ್ಷಿಗಳ ಸಹಿ, ನೋಟರಿ ಸೀಲು, ಎಲ್ಲ ಇತ್ತು. ನಮ್ಮಪ್ಪನಿಗೆ ಅಷ್ಟಕ್ಕೇ ಸಮಾಧಾನ ಆಗಿಬಿಟ್ಟಿತು. ಪರಿಚಯದ ವಕೀಲರಿಗೆ ತೋರಿಸಿದರೆ, "ಇದು ಡೈವೋರ್ಸ್ ಅಲ್ಲಮ್ಮ, ಆ ಹುಡುಗಿ ಇನ್ನೂ ಅವನ ಹೆಂಡತಿನೇ" ಅಂದರು.

1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಮೊದಲ ಗಂಡ ಬದುಕಿದ್ದು ಆ ಮದುವೆ ಕಾನೂನುಬದ್ಧವಾಗಿ ಮುಗಿಯದಿದ್ದರೆ ಎರಡನೇ ಮದುವೆ ಅಸಿಂಧು. ಎಷ್ಟು ಜೋರಾಗಿ ಮಾಡಿದರೂ ಅದು ಮದುವೆಯೇ ಅಲ್ಲ. ಕೆಲವು ಜಾತಿಗಳಲ್ಲಿ ಹಿಂದಿನಿಂದ ಬಂದ ಬಿಡುಗಡೆ ಪದ್ಧತಿಯನ್ನು 29ನೇ ಕಲಂ ಒಪ್ಪುತ್ತದೆ, ನಿಜ. ಆದರೆ ಅಂಥ ಪದ್ಧತಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕಾದವರು ನೀವೇ. ಇನ್ನು ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ನೋಡಿ. ಮೊದಲ ಮದುವೆ ಇರುವಾಗಲೇ ಇನ್ನೊಂದು ಆದರೆ 7 ವರ್ಷದವರೆಗೆ ಜೈಲು, ಮೊದಲನೇದನ್ನು ಮುಚ್ಚಿಟ್ಟು ಆದರೆ 10 ವರ್ಷದವರೆಗೆ. ಕಾಗದ ಬರೆಸಿದ ಹಿರಿಯರು ಹಾಯಾಗಿ ಮನೆಯಲ್ಲಿರುತ್ತಾರೆ, ಸಿಕ್ಕಿಬೀಳೋದು ಹುಡುಗಿ.

ಮೊದಲ ಮದುವೆ ಆದಾಗ ಅವಳಿಗೆ 18 ತುಂಬಿತ್ತಾ ಅಂತಲೂ ಕೇಳಿ. ನಮ್ಮ ಕಡೆ ಹಳ್ಳಿಗಳಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಕರ್ನಾಟಕದಲ್ಲಿ 2017ರಲ್ಲಿ ಕಾನೂನು ಬಂತು. ಅದಾದ ಮೇಲಿನ ಮದುವೆಯಾದರೆ ದಾರಿ ಬೇರೆ, ವಕೀಲರು ಹೇಳುತ್ತಾರೆ.

ಈಗ ಹುಡುಗಿಯ ವಿಷಯ. ನೀವು ಇಷ್ಟುದ್ದ ಬರೆದಿದ್ದೀರಿ, ಅವಳನ್ನು ಕೇಳಿದೆ ಅಂತ ಒಂದು ಸಾಲೂ ಇಲ್ಲ. ನಮ್ಮ ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ದೊಡ್ಡವರೆಲ್ಲ ಸೇರಿ ತೀರ್ಮಾನ, ಅವಳ ಮಾತು ಯಾರಿಗೂ ಬೇಕಿರಲಿಲ್ಲ. ನಾನೇ ಹಟ ಮಾಡಿ ತಮ್ಮನನ್ನು ಕರೆದುಕೊಂಡು ಹೋಗಿ, ಅವಳ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಮಾತಾಡಿಸಿದೆ. ಅವಳು ಹೇಳಿದ್ದು ಕೇಳಿ: "ನಿಮಗೆಲ್ಲ ಗೊತ್ತು ಅಂತ ಅಪ್ಪ ಹೇಳಿದ್ರು ಅಕ್ಕ. ಆ ವಿಷಯ ಎತ್ತಬೇಡ, ಅವರಿಗೆ ಬೇಜಾರಾಗುತ್ತೆ ಅಂದಿದ್ರು." ಅಪ್ಪ ಮಧ್ಯಸ್ತನಿಗೆ ಹೇಳಿದ್ದರಂತೆ. ಮಧ್ಯಸ್ತ ನಮಗೆ ಹೇಳದೆ ನುಂಗಿಕೊಂಡಿದ್ದ. ಮೊದಲ ಗಂಡ ಕುಡಿದು ಹೊಡೆಯುತ್ತಿದ್ದ, ವರ್ಷ ತುಂಬುವ ಮೊದಲೇ ತವರಿಗೆ ಬಂದಿದ್ದಳು. ಇದನ್ನೆಲ್ಲ ಅವಳು ತಲೆ ತಗ್ಗಿಸದೇ ಹೇಳಿದಳು. ನನಗೆ ಅದು ಇಷ್ಟ ಆಯಿತು.

ನಿಮ್ಮ ಹುಡುಗಿಯೂ ಹೀಗೇ ಅಂತ ನಾನು ಹೇಳಲ್ಲ. ಗೊತ್ತಿದ್ದೂ ಮುಚ್ಚಿಟ್ಟಿರಬಹುದು, ಈಗಲೂ ಸುಳ್ಳು ಹೇಳಬಹುದು. ಹಾಗಾದರೆ ಬಿಡಿ, ಯಾರೂ ತಪ್ಪು ಅನ್ನಲ್ಲ. ಆದರೆ ಅವಳ ಬಾಯಿಂದ ಕೇಳದೇ ಬಿಡಬೇಡಿ. ಇನ್ನೊಂದು ಮಾತು, ಹಳೇ ಪ್ರೀತಿ ಗೀತಿ ಅಂತ ಕೆದಕೋಕೆ ಹೋಗಬೇಡಿ. ನನ್ನ ತಮ್ಮನಿಗೂ ಕಾಲೇಜಿನಲ್ಲಿ ಒಂದಿತ್ತು, ಅದನ್ನು ಯಾವ ಬೀಗರೂ ಕೇಳಲಿಲ್ಲ.

ನಿರ್ಧಾರ ಮಾತ್ರ ತಾಳಿ ಕಟ್ಟೋ ಮೊದಲೇ ಆಗಲಿ. ಮುಖ್ಯ ವಿಷಯ ಮುಚ್ಚಿಟ್ಟು ಮದುವೆ ಮಾಡಿದರೆ, ಮೋಸ ಗೊತ್ತಾದ ಒಂದು ವರ್ಷದೊಳಗೆ ರದ್ದು ಮಾಡಿಸಬಹುದು ಅಂತ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಇದೆ. ಗೊತ್ತಿದ್ದೂ ಕಟ್ಟಿದವರು ಆಮೇಲೆ ಮೋಸ ಆಯಿತು ಅನ್ನೋಕಾಗಲ್ಲ.

ನಾವು ಮದುವೆ ಮುಂದೆ ಹಾಕಿದೆವು. ಅವಳು, ಅವಳ ಮೊದಲ ಗಂಡ ಇಬ್ಬರೂ ಒಪ್ಪಿ ಅದೇ ಕಾಯ್ದೆಯ 13ಬಿ ಕಲಮಿನಲ್ಲಿ ಡೈವೋರ್ಸ್ ಅರ್ಜಿ ಹಾಕಿದರು. ಅದಕ್ಕೆ 6 ತಿಂಗಳು ಕಾಯಬೇಕು. ಬೇರೆಯಾಗಿ ಒಂದೂವರೆ ವರ್ಷ ದಾಟಿ, ಕೂಡಿ ಬಾಳುವ ಆಸೆಯೇ ಇಲ್ಲದಿದ್ದರೆ ಕೋರ್ಟು ಆ ಕಾಯುವಿಕೆಯನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಹುಡುಗಿಯ ಹತ್ತಿರ ಡಿಕ್ರಿ ಇದ್ದು, ಅದು ಒಬ್ಬರು ಹಾಕಿ ಇನ್ನೊಬ್ಬರು ವಿರೋಧಿಸಿದ ಕೇಸಾದರೆ, ಅಪೀಲಿನ 90 ದಿನ ಮುಗಿದಿದೆಯಾ ನೋಡಿ. ಜೆರಾಕ್ಸ್ ನಂಬಬೇಡಿ, ಕೋರ್ಟಿನ ಸರ್ಟಿಫೈಡ್ ಕಾಪಿ ತೆಗೆಸಿ.

ಜನಕ್ಕೆ ಏನು ಹೇಳೋದು ಅಂತ ಕೇಳಿದ್ದೀರಿ. ದಿನ ಮುಂದೆ ಹೋಗಿದೆ, ಮತ್ತೆ ತಿಳಿಸ್ತೀವಿ ಅಂತ ನಾವು ಫೋನ್ ಮಾಡಿದೆವು, ಅಷ್ಟೇ. ಯಾಕೆ ಅಂತ ಕೇಳಿದವರಿಗೆ ಕಾಗದ ಪತ್ರದ ಕೆಲಸ ಬಾಕಿ ಇದೆ ಅಂದೆವು, ಅದು ಸುಳ್ಳೂ ಅಲ್ಲ. ಛತ್ರದವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಬೇರೆ ದಿನ ಕೊಟ್ಟರು. ನೀವೂ ಇವತ್ತೇ ಹೋಗಿ ಕೇಳಿ, ತಡ ಮಾಡಿದಷ್ಟೂ ಅವರು ಒಪ್ಪೋದು ಕಷ್ಟ.