ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಉಚಿತವಾಗಿದ್ದರೂ ಹೆಂಗಸರು ಯಾಕೆ ಬರುವುದಿಲ್ಲ?

ಹಳ್ಳಿಗಳಲ್ಲಿ ಹೆಂಗಸರು ಬಾರದಿರುವುದಕ್ಕೆ ತಿಳಿವಳಿಕೆ ಇಲ್ಲದ್ದೇ ಕಾರಣವಾ ಎಂದು ಕೇಳಿದ್ದೀರಿ. ಅದೂ ಒಂದು ಕಾರಣ. ಆದರೆ ಒಬ್ಬ ಕೂಲಿ ಹೆಂಗಸನ್ನು ನಾವು ಎಷ್ಟು ಸಲ ಓಡಾಡಿಸುತ್ತೇವೆ ಅನ್ನುವುದೇ ಅದಕ್ಕಿಂತ ದೊಡ್ಡ ತೊಡಕು ಎಂದು ನಾನು ನಂಬಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಪ್ಯಾಪ್ ಸ್ಮಿಯರ್ (ಗರ್ಭಕಂಠದಿಂದ ಜೀವಕೋಶ ಕೆರೆದು ಗಾಜಿನ ಸ್ಲೈಡಿಗೆ ಸವರುವ ಪರೀಕ್ಷೆ) ತೆಗೆದರೆ ಸ್ಲೈಡನ್ನು ಆ ಕ್ಷಣವೇ ಆಲ್ಕೋಹಾಲಿಗೆ ಹಾಕಬೇಕು. ಒಣಗಿದರೆ ಜೀವಕೋಶ ಓದಲು ಬರುವುದಿಲ್ಲ. ಅದನ್ನು ಓದುವ ಪೆಥಾಲಜಿಸ್ಟ್ ದೂರದ ಊರಿನಲ್ಲಿರುತ್ತಾರೆ. ವರದಿ ಬರುವಷ್ಟರಲ್ಲಿ ವಾರಗಳು ಕಳೆದು, ಆಕೆ ಇನ್ನೊಂದು ದಿನದ ಕೂಲಿ ಬಿಟ್ಟು ಬರುವುದಿಲ್ಲ.

ಅದಕ್ಕೇ ನಮ್ಮ ಸರ್ಕಾರದ 2016ರ ಮಾರ್ಗಸೂಚಿ ವಿಐಎ ಪರೀಕ್ಷೆಯನ್ನು (ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಲ್ಲಿ ನೋಡಿ, ಫಲಿತಾಂಶ ಅಲ್ಲೇ ಹೇಳುವುದು) ಆರಿಸಿಕೊಂಡಿತು: 30ರಿಂದ 65 ವರ್ಷದವರಿಗೆ, ಐದು ವರ್ಷಕ್ಕೊಮ್ಮೆ. 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲವನ್ನು 95 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಸೇರಿಸಬೇಕು (ಆಮ್ಲವನ್ನು ನೀರಿಗೆ, ನೀರನ್ನು ಆಮ್ಲಕ್ಕಲ್ಲ). ಅದರಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಹಚ್ಚಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯಬೇಕು. ದಟ್ಟ ಬಿಳಿ ಮಚ್ಚೆ ಎದ್ದರೆ ಪಾಸಿಟಿವ್. ಕೆಡುವುದು ಇಲ್ಲೇ: ನಿನ್ನೆಯ ದ್ರಾವಣ, ಮಂಕು ಟಾರ್ಚು, ಸಾಲು ಉದ್ದವಿದೆ ಎಂದು ಇಪ್ಪತ್ತೇ ಸೆಕೆಂಡಿಗೆ ನೋಡಿಬಿಡುವ ಅವಸರ. ಮುಟ್ಟು ನಿಂತವರಲ್ಲಿ ನೋಡಬೇಕಾದ ಅಂಚು (ಗರ್ಭಕಂಠದ ಹೊರ ಪದರ ಮತ್ತು ಒಳ ಪದರ ಸೇರುವ ಗೆರೆ) ಒಳಗೆ ಸರಿದಿರುತ್ತದೆ, ಹಾಗಾಗಿ ಅವರ 'ನಾರ್ಮಲ್' ಅನ್ನು ನಂಬುವಂತಿಲ್ಲ.

ಚಿಲಕವಿಲ್ಲದ ಬಾಗಿಲು, ಮೇಜಿನ ಸುತ್ತ ಪರದೆ ಇಲ್ಲದಿರುವುದು, ತನ್ನದೇ ಓಣಿಯ ಸಿಸ್ಟರ್: ಇಷ್ಟು ಸಾಕು, ಆಕೆ ಬಾಗಿಲಿಂದಲೇ ವಾಪಸ್. "ಬಿಳಿ ಹೋಗ್ತಿದ್ದರೆ ಬನ್ನಿ" ಎಂದು ಕರೆಯುವುದೂ ತಪ್ಪು. ಕ್ಯಾನ್ಸರ್‌ಗೆ ಮುಂಚಿನ ಹಂತದಲ್ಲಿ ಲಕ್ಷಣವೇ ಇರುವುದಿಲ್ಲ; "ನನಗೇನೂ ಆಗಿಲ್ಲವಲ್ಲ" ಎಂದು ಬರಬೇಕಾದವರೇ ಮನೆಯಲ್ಲಿ ಉಳಿಯುತ್ತಾರೆ.

ಎಚ್‌ಪಿವಿ ಪರೀಕ್ಷೆಗೆ (ಈ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಇದೆಯಾ ಎಂದು ನೋಡುವುದು) ಮಾದರಿಯನ್ನು ಆಕೆಯೇ ಮರೆಯಲ್ಲಿ ತೆಗೆದುಕೊಡಬಹುದು, ಸಂಕೋಚದ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ನಮ್ಮ ಗಡಿಗೆ ಹತ್ತಿರದ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಅಧ್ಯಯನದಲ್ಲಿ (2009ರಲ್ಲಿ ಪ್ರಕಟ) ಒಂದೇ ಸಲದ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರ್‌ನ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು. ಯಂತ್ರ ಮತ್ತು ಕಿಟ್‌ನ ಖರ್ಚು ಮಾತ್ರ ಇನ್ನೂ ಅಡ್ಡಿ.

ನೀವು ಶಿಬಿರ ನಡೆಸುವವರಾದರೆ, ಬ್ಯಾನರ್ ಬರೆಸುವ ಮೊದಲು ಥರ್ಮಲ್ ಅಬ್ಲೇಶನ್ ಯಂತ್ರ (ಮಚ್ಚೆಯನ್ನು ಶಾಖದಿಂದ ಸುಡುವಂಥದ್ದು) ಮತ್ತು ಅದನ್ನು ಬಳಸಲು ಕಲಿತವರನ್ನು ಹೊಂದಿಸಿಕೊಳ್ಳಿ. ಆಕೆಯನ್ನು ಮತ್ತೆ ಓಡಾಡಿಸದೆ, ಚಿಕ್ಕ ಮಚ್ಚೆಯನ್ನು 100 ಡಿಗ್ರಿ ಶಾಖದಲ್ಲಿ ಒಂದು ನಿಮಿಷದೊಳಗೆ ಸುಡಬಹುದು. ಗರ್ಭಕಂಠದ ಮುಕ್ಕಾಲು ಪಾಲಿಗಿಂತ ಹೆಚ್ಚು ಹಬ್ಬಿದ್ದರೆ, ಒಳಕ್ಕೆ ಇಳಿದಿದ್ದರೆ ಅಥವಾ ಕ್ಯಾನ್ಸರ್ ಅನುಮಾನವಿದ್ದರೆ ಸುಡಬಾರದು. ಅಂಥವರ ಕೈಗೆ ಬರೀ ಚೀಟಿ ಕೊಟ್ಟು ಕಳಿಸಬೇಡಿ. ಜೊತೆಗೆ ಆಶಾ ಕಾರ್ಯಕರ್ತೆಯನ್ನು, ಬಸ್ಸಿನ ಖರ್ಚನ್ನು, ಜಿಲ್ಲಾಸ್ಪತ್ರೆಯಲ್ಲಿ ನೋಡುವ ವೈದ್ಯರ ಹೆಸರನ್ನೂ ಕೊಡಿ.