ಐದನೇ ವಚನ ಓದಿದ್ದೀರಾ?

ಓದುಗರೊಬ್ಬರ ಪತ್ರ: "ನನಗೆ 34 ವರ್ಷ. ಮದುವೆಗಾಗಿ ಬಹಳ ವರ್ಷಗಳಿಂದ ಪ್ರಾರ್ಥಿಸುತ್ತಿದ್ದೇನೆ. ಒಂದು ಕೂಟದಲ್ಲಿ ಒಬ್ಬರು 'ಈ ವರ್ಷ ಮುಗಿಯುವುದರೊಳಗೆ ನಿನ್ನ ಮದುವೆ' ಎಂದು ಪ್ರವಾದನೆ ಹೇಳಿದರು. ವರ್ಷ ಮುಗಿಯಿತು, ಏನೂ ಆಗಲಿಲ್ಲ. ನನ್ನ ನಂಬಿಕೆ ಸಾಲದೆ ಹೀಗಾಯಿತೇ? ಬೈಬಲಿನ ಯೆರೆಮೀಯ 29:11 ದಿನವೂ ಓದುತ್ತೇನೆ. ಆದರೆ ಈಗೀಗ ಪ್ರಾರ್ಥನೆಗೆ ಕೂತರೆ ಸುಸ್ತು. ಬೇರೆ ಊರಿನಲ್ಲಿ ಎರಡು ವರ್ಷದ ಓದಿಗೆ ಸೀಟು ಸಿಕ್ಕಿದೆ. 'ಈಗ ಹೋದರೆ ಸಂಬಂಧ ಕೂಡಿಬರೋದು ಕಷ್ಟ, ದೇವರ ಸಮಯಕ್ಕೆ ಕಾದುಕೊಂಡಿರು' ಅಂತಾರೆ ಮನೆಯವರು. ಏನು ಮಾಡಲಿ?"

ಪ್ರಿಯ ಸಹೋದರಿ,

ಮೊದಲು ಆ ಪ್ರವಾದನೆಯ ವಿಷಯ ಮುಗಿಸಿಬಿಡೋಣ. ನೀವು ದಿನವೂ ಓದುವ ವಚನದಿಂದ ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಅಲ್ಲಿ ಹನನ್ಯ ಅನ್ನೋ ಪ್ರವಾದಿ ಸಿಗುತ್ತಾನೆ. ದೇವಾಲಯದಲ್ಲಿ, ಯಾಜಕರ ಮತ್ತು ಜನರೆಲ್ಲರ ಮುಂದೆ ನಿಂತು ಅವನು ತಾರೀಕು ಕೊಡುತ್ತಾನೆ. ಇನ್ನು ಎರಡೇ ವರ್ಷ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಹೊತ್ತೊಯ್ದ ದೇವಾಲಯದ ಪಾತ್ರೆಗಳೂ ಸೆರೆಹೋದ ಅರಸನೂ ವಾಪಸ್ ಬರುತ್ತಾರೆ ಅಂತ. ಅಲ್ಲೇ ಇದ್ದ ಪ್ರವಾದಿ ಯೆರೆಮೀಯ ಸಿಟ್ಟಾಗಲಿಲ್ಲ. "ಆಮೆನ್, ಯೆಹೋವನು ಹಾಗೆಯೇ ಮಾಡಲಿ" ಅಂದ. ಅವನಿಗೂ ಅದೇ ಬೇಕಿತ್ತು, ಅಲ್ವಾ? ಆದರೆ ದೇವರು ಹೇಳಿದ್ದು ಅದಲ್ಲ. ಆಮೇಲೆ ದೇವರ ಗದರಿಕೆ ಯಾರ ಮೇಲೆ ಬಿತ್ತು ಗಮನಿಸಿ. ಕೇಳಿ ಆಸೆಪಟ್ಟ ಜನರ ಮೇಲಲ್ಲ. "ಈ ಜನರು ಸುಳ್ಳನ್ನು ನಂಬುವಂತೆ ಮಾಡಿದ್ದೀ" ಅನ್ನೋ ಮಾತು ಬಂದದ್ದು ಹನನ್ಯನಿಗೆ. (ಅವನು ಅದೇ ವರ್ಷ ಸತ್ತ. ನಿಮಗೆ ಪ್ರವಾದನೆ ಹೇಳಿದವರಿಗೆ ಹಾಗಾಗಲಿ ಅಂತ ಖಂಡಿತ ನಾನು ಹೇಳುತ್ತಿಲ್ಲ!) ದೇವರು ಕೊಡದ ತಾರೀಕು ದಾಟಿಹೋದರೆ ಅದಕ್ಕೆ ನಿಮ್ಮ ನಂಬಿಕೆ ಹೊಣೆಯಲ್ಲ. ಆ ಭಾರ ಇಲ್ಲೇ ಇಳಿಸಿಬಿಡಿ.

ಇನ್ನು 29ನೇ ಅಧ್ಯಾಯ. ಇದು ಯೆರೆಮೀಯ ಬರೆದ ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಬರೆದದ್ದು. "ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ, ನಿರೀಕ್ಷೆಯಿದೆ" ಅನ್ನೋ ಹನ್ನೊಂದನೇ ವಚನ ಎಲ್ಲರಿಗೂ ಬಾಯಿಪಾಠ. ಕ್ಯಾಲೆಂಡರಿನಲ್ಲೂ ಅದೇ, ಮೊಬೈಲ್ ಸ್ಟೇಟಸ್ಸಿನಲ್ಲೂ ಅದೇ. ಅದಕ್ಕೆ ಅಂಟಿಕೊಂಡೇ ಇರುವ ಹತ್ತನೇ ವಚನವನ್ನು ಯಾರೂ ಸ್ಟೇಟಸ್ಸಿಗೆ ಹಾಕುವುದಿಲ್ಲ. ಅಲ್ಲಿರೋದು 70 ವರ್ಷ. ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗಬೇಕು ಅಂತ ಅರ್ಥ. ಆದ್ದರಿಂದ 29:11 ಇದೆ, ಮದುವೆ ಖಂಡಿತ ಅಂತ ನಾನು ನಿಮಗೆ ಮಾತು ಕೊಡಲಾರೆ. ಆ ವಚನ ಅಷ್ಟು ಹೇಳುತ್ತಿಲ್ಲ. ನಮ್ಮ ಮೇಲೆ ದೇವರ ಮನಸ್ಸು ಎಂಥದ್ದು ಅಂತ ಅದು ಹೇಳುತ್ತದೆ, ಯಾವ ದಿನ ಏನಾಗುತ್ತದೆ ಅಂತಲ್ಲ.

ಹಾಗಾದರೆ 70 ವರ್ಷ ಏನು ಮಾಡಬೇಕು? ಅದಕ್ಕೆ ಐದನೇ ವಚನ. ಮನೆ ಕಟ್ಟಿಕೊಂಡು ವಾಸಿಸಿ. ತೋಟ ಮಾಡಿ, ಅದರ ಫಲ ತಿನ್ನಿ. ಮುಂದಿನ ವಚನಗಳಲ್ಲಿ ಮದುವೆ, ಮಕ್ಕಳು, ಕೊನೆಗೆ ಆ ಪರಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅನ್ನೋ ಮಾತು. ಕಾಗದ ಬರುವವರೆಗೆ ಎಷ್ಟು ಜನ ಗಂಟು ಬಿಚ್ಚದೆ, ನಾಳೆ ಹೊರಡೋದೇ ಅಂತ ಕೂತಿದ್ದರೋ! ಹನನ್ಯನ ಎರಡು ವರ್ಷದ ಮಾತು ನಂಬಿದವನು ಗಿಡ ನೆಡುತ್ತಾನಾ? ನೆಟ್ಟ ಗಿಡ ಫಲ ಕೊಡೋ ಹೊತ್ತಿಗೆ ನಾನೇ ಇರಲ್ಲ ಅಂತಾನೆ. ದೇವರ ಸಮಯವನ್ನು ನಂಬುವವರು ಸುಮ್ನೆ ಕೂರಬೇಕು ಅಂತ ಈ ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ದಾನಿಯೇಲನೂ ಬಾಬೆಲಿಗೆ ಸೆರೆಹೋದವನೇ. ಮಾಳಿಗೆ ಕೋಣೆಯಲ್ಲಿ ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿ, ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥನೆ. ಇದು ನಮಗೆಲ್ಲ ನೆನಪಿದೆ. ಅದೇ ಅಧ್ಯಾಯದಲ್ಲಿ ಅವನ ಕಚೇರಿ ಕೆಲಸವೂ ಇದೆ. ಅವನನ್ನು ಬೀಳಿಸಬೇಕು ಅಂದುಕೊಂಡವರು ಎಷ್ಟು ಹುಡುಕಿದರೂ ಅವನ ರಾಜ್ಯಭಾರದಲ್ಲಿ ಒಂದು ತಪ್ಪು ಸಿಗಲಿಲ್ಲ. ನನ್ನ ಪ್ರಕಾರ ದೇವರ ಸಮಯಕ್ಕೆ ಸಿದ್ಧವಾಗಿರುವುದು ಅಂದರೆ ಈ ಎರಡೂ, ಪ್ರಾರ್ಥನೆಯೂ ಕೆಲಸವೂ. ಮುಂದೆ ಯೆರೆಮೀಯನ ಬರಹ ಓದಿ ಅವನಿಗೆ 70 ವರ್ಷದ ಲೆಕ್ಕ ತಿಳಿಯಿತು. ತಿಳಿದ ಮೇಲೂ ಉಪವಾಸ ಮಾಡಿ ಪ್ರಾರ್ಥಿಸಿದ. ಅವನು ಯೆರೂಸಲೇಮಿಗೆ ಮರಳಿದ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ.

ಸುಸ್ತಿನ ಬಗ್ಗೆ ಬರೆದಿರಲ್ಲ, ಯೇಸು ಹೇಳಿದ ಹತ್ತು ಕನ್ಯೆಯರ ಸಾಮ್ಯ ಮತ್ತೊಮ್ಮೆ ಓದಿ. ದೀಪ ಹಿಡಿದು ಮದುಮಗನನ್ನು ಎದುರುಗೊಳ್ಳಲು ಹೊರಟವರ ಕಥೆ ಅದು. ಮದುಮಗ ತಡಮಾಡಿದಾಗ ಎಲ್ಲರೂ ತೂಕಡಿಸಿ ಮಲಗಿದರು. ಬುದ್ಧಿವಂತೆಯರೂ ಮಲಗಿದರು! ಅವರನ್ನು ಯಾರೂ ಬೈಯಲಿಲ್ಲ, ಅವರ ಹತ್ತಿರ ಎಣ್ಣೆ ಇತ್ತು. ಉದ್ದುದ್ದ ಪ್ರಾರ್ಥನೆ ಆಗದಿದ್ದರೆ ಬಿಡಿ. ಒಂದು ಕೀರ್ತನೆ ಗಟ್ಟಿಯಾಗಿ ಓದಿ ಎದ್ದುಬಿಡಿ. 13ನೇ ಕೀರ್ತನೆ ಶುರುವಾಗುವುದೇ "ಎಷ್ಟರವರೆಗೆ?" ಅನ್ನೋ ದೂರಿನಿಂದ, ಇರೋದು ಆರೇ ವಚನ. ಮದುವೆ ವಿಷಯವನ್ನು ಕೆಲವು ದಿನ ಬೇರೆಯವರು ಪ್ರಾರ್ಥಿಸಲಿ. ನಿಮ್ಮನ್ನು ಪ್ರಶ್ನೆ ಕೇಳದ ಒಬ್ಬ ಗೆಳತಿ ಸಾಕು.

ಓದಿನ ವಿಷಯಕ್ಕೆ ಬಂದರೆ, ಹೋಗಿ ಅಂತಲೇ ನನ್ನ ಅಭಿಪ್ರಾಯ. ಹೋದ ಮಾತ್ರಕ್ಕೆ ಸಂಬಂಧ ನೋಡುವುದನ್ನು ನಿಲ್ಲಿಸಬೇಕಿಲ್ಲ. ಐಗುಪ್ತದ ಸೆರೆಮನೆಯಲ್ಲಿದ್ದ ಯೋಸೇಫ ದೇವರನ್ನು ನಂಬಿಯೂ, ಬಿಡುಗಡೆಯಾಗಿ ಹೊರಟ ಅರಸನ ಪಾನದಾಯಕನಿಗೆ "ಫರೋಹನ ಹತ್ತಿರ ನನ್ನ ವಿಷಯ ಹೇಳು" ಅಂತ ಕೇಳಿಕೊಂಡಿದ್ದ. ಆ ಮಹಾಶಯ ಎರಡು ವರ್ಷ ಮರೆತೇಬಿಟ್ಟ, ಅದು ಬೇರೆ ಮಾತು. ಮನೆಯವರು ಪರಿಚಯದವರಿಗೆ ಹೇಳಿಡಲಿ, ನೀವು ಅಲ್ಲಿ ಓದುತ್ತಿರಿ. ಹೊಸ ಊರಿನಲ್ಲಿ ಮೊದಲ ಭಾನುವಾರವೇ ಒಂದು ಸಭೆ ಹುಡುಕಿಕೊಳ್ಳಿ. ಓದುತ್ತಿದ್ದಾಳೆ ಅನ್ನೋ ಒಂದೇ ಕಾರಣಕ್ಕೆ ಬೇಡ ಅನ್ನುವ ಗಂಡಾದರೆ, ಅದು ಮೊದಲೇ ಗೊತ್ತಾಗುವುದು ಒಳ್ಳೆಯದೇ. ಸೀಟು ಖಾತ್ರಿ ಮಾಡಿಕೊಳ್ಳಲು ಕೊನೆಯ ದಿನ ಯಾವುದು ಅಂತ ನೀವು ಬರೆದಿಲ್ಲ. ಹತ್ತಿರದಲ್ಲಿದ್ದರೆ ಈ ವಾರವೇ ಫೀಸು ಕಟ್ಟಿಬಿಡಿ.

– ಸಂಪಾದಕ